ಅಗಳಿಯಿಲ್ಲದ ಕದ

"ಗುರುಗಳೇ, ಕವಿ ಹೇಳದ ಮಾತನ್ನು ಕವಿಯೇ ಹೇಳಿದನೆಂದು ಯಾರೋ ಒಬ್ಬ ಕತೆಯಲ್ಲಿ ಬರೆದುಬಿಡುತ್ತಾನೆ. ಅದನ್ನು ನಂಬಿಕೊಂಡು ಇನ್ನೊಬ್ಬರು ಬದುಕುತ್ತಿರುತ್ತಾರೆ. ಅವರಿಗೆ ನಿಜ ಹೇಳಬೇಕೋ ಬೇಡವೋ?"

ಉಳವಯ್ಯ ಇದನ್ನು ಕೇಳಿದ್ದು ಮಠದ ಬಾಗಿಲಲ್ಲಿ, ಕಾಲು ತೊಳೆಯುವ ಮೊದಲೇ. ಪೇಟೆಗೆ ಭಿಕ್ಷೆಗೆ ಹೋಗಿದ್ದವನು ಜೋಳಿಗೆಯಲ್ಲಿ ಜೋಳವನ್ನೂ ತಲೆಯಲ್ಲಿ ಸಿಟ್ಟನ್ನೂ ತುಂಬಿಕೊಂಡು ಬಂದಿದ್ದ. ಗುರುಗಳು ಅವನಿಗೆ ಕೂರಲು ಹೇಳಿದರು. ಮೊದಲು ನೀರು ಕುಡಿ, ಆಮೇಲೆ ಸಿಟ್ಟು ಯಾರ ಮೇಲೆ ಎಂದು ಹೇಳು ಎಂದರು.

ಸಿಟ್ಟು ಒಂದು ಪತ್ತೇದಾರಿ ಕಾದಂಬರಿಯ ಮೇಲೆ. ಬಸ್ ನಿಲ್ದಾಣದಲ್ಲಿ ಮಾರುವ, ಪೇಟೆಯವರೆಲ್ಲ ಓದಿರುವ ಕಾದಂಬರಿ. ಅದರ ನಾಯಕ ಪ್ರತಿ ಕೊಲೆಯ ನಂತರ ಸಿಗರೇಟು ಹಚ್ಚಿ, ಮಠದಲ್ಲಿ ದಿನವೂ ಓದುವ ಹಳೆಯ ಕಾವ್ಯದ ಒಂದು ಸಾಲು ಹೇಳುತ್ತಾನೆ: ಅಳದವರ ಮನೆಗೆ ವಿಧಿ ಮತ್ತೊಮ್ಮೆ ಬರುವುದಿಲ್ಲ. ಮಹಾಕವಿಯ ಉಪದೇಶವೆಂದು ಜನ ಅದನ್ನು ಆಟೋಗಳ ಹಿಂದೆ ಬರೆಸಿದ್ದಾರೆ. ಕಾವ್ಯದಲ್ಲಿ ಅದು ಕವಿಯ ಉಪದೇಶವೇ ಅಲ್ಲ. ಮಗನನ್ನು ಕಳೆದುಕೊಂಡ ಅರಸನ ಬಾಯಿ ಮುಚ್ಚಿಸಲು ಒಬ್ಬ ಹೊಗಳುಭಟ್ಟ ಹೇಳುವ ಮಾತು. ಕಿರಾಣಿ ಅಂಗಡಿಯ ನೀಲಗಂಗವ್ವ ಆ ಸಾಲಿಗೆ ಕಟ್ಟು ಹಾಕಿಸಿ ಗಂಡನ ಫೋಟೋದ ಪಕ್ಕದಲ್ಲಿ ತೂಗುಹಾಕಿದ್ದಾಳೆ. ಗಂಡ ತೀರಿಕೊಂಡಾಗಿನಿಂದ ಆಕೆ ಒಮ್ಮೆಯೂ ಅತ್ತಿಲ್ಲವಂತೆ. ಉಳವಯ್ಯ ಅಲ್ಲೇ ಬಾಯಿ ತೆರೆಯುವವನಿದ್ದ. ಆಕೆ ಜೋಳಿಗೆಗೆ ಜೋಳ ಸುರಿಯುತ್ತಿದ್ದುದರಿಂದ ಸುಮ್ಮನಾಗಿದ್ದ.

ಗುರುಗಳು ಅವನ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಒಂದು ಕತೆ ಇದೆ, ಕೇಳು ಎಂದು ಶುರುಮಾಡಿದರು.

ಒಬ್ಬ ಓದುಗನಿದ್ದ. ಊರೂರಿಗೆ ಹೋಗಿ ಒಂದು ಹಳೆಯ ಕಾವ್ಯವನ್ನು ಓದಿ ಅರ್ಥ ಹೇಳುವುದು ಅವನ ಕಸುಬು. ಆ ಕಾವ್ಯದ ಹೊತ್ತಿಗೆ ಕೊಡುವಾಗ ಅವನ ಗುರು ಒಂದು ಮಾತು ತೆಗೆದುಕೊಂಡಿದ್ದ. ಒಂದಕ್ಷರ ಸೇರಿಸಬಾರದು, ಒಂದಕ್ಷರ ಬಿಡಬಾರದು. ಓದುಗ ಆ ಮಾತಿಗೆ ತಪ್ಪಿರಲಿಲ್ಲ. ಅದರ ಬಗ್ಗೆ ಅವನಿಗೆ ಒಂದಿಷ್ಟು ಜಂಬವೂ ಇತ್ತು. ಹೊಲ ಮನೆ ಇಲ್ಲದವನು, ಅಷ್ಟಾದರೂ ಇಟ್ಟುಕೊಳ್ಳಲಿ ಬಿಡು.

ಒಂದು ಸಂಜೆ ಅವನು ಮೈತುಂಬ ಜ್ವರ ಹೊತ್ತು ಹೊಳೆದಂಡೆಯ ಒಂದು ಊರಿಗೆ ಬಂದ. ಕಣ್ಣು ಮಂಜಾಗಿತ್ತು. ಓಣಿಯ ಮನೆಗಳೆಲ್ಲ ಕದ ಹಾಕಿಕೊಂಡಿದ್ದವು, ಒಂದು ಮಾತ್ರ ತೆರೆದಿತ್ತು. ಕೂಗಲು ದನಿಯಿರಲಿಲ್ಲ. ಒಳಗೆ ಹೋಗಿ ಗೋಡೆಯ ಬುಡದಲ್ಲಿ ಬಿದ್ದುಕೊಂಡ. ಒಬ್ಬ ಹೆಂಗಸು ದೀಪ ಹಿಡಿದು ಬಂದಳು. ಅವನ ಮುಖದ ಹತ್ತಿರ ದೀಪ ತಂದು ಬಹಳ ಹೊತ್ತು ನೋಡಿದಳು. ಆಮೇಲೆ ದೀಪ ಇಳಿಸಿದಳು, ಕಂಬಳಿ ಹೊದಿಸಿದಳು, ಹೋದಳು. ಯಾರು ಎಂದು ಕೇಳಲಿಲ್ಲ.

ಜ್ವರದಲ್ಲಿ ಹಗಲು ಯಾವುದು ರಾತ್ರಿ ಯಾವುದು ಅವನಿಗೆ ತಿಳಿಯಲಿಲ್ಲ. ಒಳಮನೆಯಲ್ಲಿ ಮಗ್ಗ ಬಡಿಯುತ್ತಿತ್ತು. ಅವನ ಕಿವಿಗೆ ಅದು ಕಾವ್ಯದ ನಡೆಯಾಗಿ ಕೇಳುತ್ತಿತ್ತು. ಅವನು ಓದಿ ಓದಿ ಬಾಯಿಪಾಠ ಮಾಡಿಕೊಂಡಿದ್ದ ಜನ ಒಬ್ಬೊಬ್ಬರಾಗಿ ತೆರೆದ ಕದದಿಂದ ಒಳಗೆ ಬಂದರು. ಅರಸ ಬಂದ, ಅರಸಿ ಬಂದಳು, ಹಡಗು ಮುಳುಗಿದ ವರ್ತಕ ಒದ್ದೆ ಬಟ್ಟೆಯಲ್ಲೇ ಬಂದ. ಬಂದವರು ನೀರು ಕುಡಿದು ಗೋಡೆಗೆ ಒರಗಿ ಕೂತರು. ಯಾರೂ ಮಾತಾಡಲಿಲ್ಲ. ಹೆಂಗಸು ಪ್ರತಿಯೊಬ್ಬರ ಮುಖದ ಹತ್ತಿರ ದೀಪ ತಂದು ನೋಡಿ ನೋಡಿ ಹೋದಳು. ಗಂಜಿ ಕುಡಿಯುವಷ್ಟು ತ್ರಾಣ ಬಂದ ದಿನ ಮನೆಯಲ್ಲಿ ಇಬ್ಬರೇ ಇದ್ದರು, ಅವನು ಮತ್ತು ಅವಳು. ಉಳಿದವರು ಹೇಳದೆ ಕೇಳದೆ ಎದ್ದು ಹೋದರಲ್ಲ ಎಂದು ಅವನಿಗೆ ಬೇಸರವೇ ಆಯಿತು.

ಅವಳು ಆ ಊರಿನ ನೇಕಾರತಿ. ತಾಯಿ ಸತ್ತ ಮೇಲೆ ತಮ್ಮನನ್ನು ತಾನೇ ಎತ್ತಿ ಆಡಿಸಿ ಬೆಳೆಸಿದ್ದಳು. ಒಂದು ಮಧ್ಯಾಹ್ನ ಉಣ್ಣುವ ಹೊತ್ತಿನಲ್ಲಿ ಅಕ್ಕ ತಮ್ಮಂದಿರಿಗೆ ಮಾತಿಗೆ ಮಾತು ಬೆಳೆಯಿತು. ಈ ಮನೆಯಲ್ಲಿ ನಿನ್ನದೇನಿದೆ ಎಂದು ಅವಳು ಅಂದುಬಿಟ್ಟಳು. ತಮ್ಮ ಅರ್ಧ ಊಟದಲ್ಲಿ ಎದ್ದು ಕೈ ತೊಳೆದು ಹೋದ. ಹೋದವನು ಬರಲಿಲ್ಲ. ಅವಳು ಮಗ್ಗಕ್ಕೆ ಕೂರುವುದನ್ನು ಬಿಟ್ಟಳು, ಒಲೆ ಹಚ್ಚುವುದನ್ನು ಬಿಟ್ಟಳು. ಇನ್ನು ಇವಳು ಬದುಕುವುದಿಲ್ಲ ಎಂದು ಊರವರು ಕೈಬಿಟ್ಟಿದ್ದರು.

ಹೀಗಿರುವಾಗ ಯಾರೋ ಅವಳನ್ನು ಸಂತೆಗೆ ಎಳೆದುಕೊಂಡು ಹೋಗಿ ಕತೆಗಾರನ ಮುಂದೆ ಕೂರಿಸಿದರು. ಸಂತೆಯ ಕತೆಗಾರ ಎಂದರೆ ಗೊತ್ತಲ್ಲ. ಹಾರುವ ಕುದುರೆ ಇರಬೇಕು, ಮಾಟಗಾತಿ ಇರಬೇಕು, ರಾಜಕುಮಾರ ಪ್ರತಿ ವಾರವೂ ಸಾಯುವ ಹಾಗೆ ಆಗಿ ಬದುಕಬೇಕು. ಜನ ಆಕಳಿಸತೊಡಗಿದರೆ ಒಬ್ಬ ಸಾಧುವನ್ನು ಕರೆತಂದು, ಮಹಾಕವಿ ಹೀಗೆ ಹೇಳಿದ್ದಾನೆ ಎಂದು ಅವನ ಬಾಯಲ್ಲಿ ಒಂದು ಮಾತು ಆಡಿಸುತ್ತಾನೆ. ಮಹಾಕವಿಯ ಹೊತ್ತಿಗೆಯನ್ನು ಅವನು ಕಣ್ಣಾರೆ ಕಂಡವನೂ ಅಲ್ಲ. ಗಾಡಿಯಲ್ಲಿ ಪಕ್ಕದಲ್ಲಿ ಕೂತವನು ಅಂದದ್ದನ್ನು ಕೇಳಿಕೊಂಡು ಬಂದವನು. ಆ ವಾರದ ಕತೆಯಲ್ಲಿ ರಾಜಕುಮಾರನ ಅಕ್ಕ ಅಳುತ್ತ ಕೂತಿದ್ದಳು. ಸಾಧು ಬಂದು ಅವಳಿಗೆ ಮಹಾಕವಿಯ ಮಾತು ಹೇಳಿದ: ಹೋದವನು ಬರುವ ತನಕ ಕದಕ್ಕೆ ಅಗಳಿ ಹಾಕಬೇಡ. ಕತೆ ಮುಗಿಯುವಷ್ಟರಲ್ಲಿ ರಾಜಕುಮಾರ ತೆರೆದ ಕದದಿಂದ ಒಳಗೆ ಬಂದ.

ನೇಕಾರತಿ ಸಂತೆಯಿಂದ ನೇರವಾಗಿ ಮನೆಗೆ ಬಂದಳು. ಕದದ ಹಿಂದೆ ಅಡ್ಡ ಹಾಕುವ ಮರದ ಅಗಳಿಯನ್ನು ಕಿತ್ತು ಒಲೆಗೆ ಇಟ್ಟು ಅನ್ನ ಮಾಡಿದಳು. ಉಂಡು ಮಗ್ಗಕ್ಕೆ ಕೂತಳು. ಆವತ್ತಿನಿಂದ ಆ ಮನೆಯ ಕದ ಹಗಲೂ ತೆರೆದಿತ್ತು, ಇರುಳೂ ತೆರೆದಿತ್ತು. ದಾರಿ ತಪ್ಪಿದವರು, ಬಳೆಗಾರರು, ಕುರಿಯವರು, ಗಂಡನ ಮನೆಯಿಂದ ಓಡಿಬಂದ ಹೆಣ್ಣುಮಕ್ಕಳು, ಯಾರು ಬೇಕಾದರೂ ಒಳಗೆ ಬಂದು ಉಂಡು ಮಲಗಿ ಹೋಗುತ್ತಿದ್ದರು. ಬಂದವರ ಮುಖಕ್ಕೆ ದೀಪ ಹಿಡಿದು ನೋಡುವುದೊಂದೇ ಅವಳ ವಾಡಿಕೆ.

ಓದುಗ ಚೇತರಿಸಿಕೊಂಡ ಮೇಲೆ ಊರವರು ಗುಡಿಯಲ್ಲಿ ಅವನಿಂದ ಪುರಾಣ ಹಚ್ಚಿಸಿದರು, ದಿನವೂ ಆ ಕಾವ್ಯವನ್ನು ಓದಿಸತೊಡಗಿದರು. ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಪುರಾಣದಲ್ಲಿ ಏನು ಆಗುತ್ತದೋ ಅದನ್ನು ಊರೂ ಮಾಡಬೇಕು. ಪುರಾಣದಲ್ಲಿ ಕೂಸು ಹುಟ್ಟಿದ ದಿನ ಗುಡಿಯಲ್ಲಿ ತೊಟ್ಟಿಲು ಕಟ್ಟಿ ತೂಗುತ್ತಾರೆ. ಮದುವೆಯಾದ ದಿನ ಅಕ್ಕಿಕಾಳು ಹಾಕಿ ಮದುವೆಯೂಟ ಮಾಡುತ್ತಾರೆ. ಒಂದೊಂದು ದಿನದ ಖರ್ಚನ್ನು ಒಂದೊಂದು ಮನೆಯವರು ವಹಿಸಿಕೊಳ್ಳುತ್ತಾರೆ. ತೊಟ್ಟಿಲ ದಿನ ವಹಿಸಿದವರ ಮನೆಯಲ್ಲಿ ವರ್ಷದೊಳಗೆ ಕೂಸಾಗುತ್ತದೆ, ಮದುವೆಯ ದಿನ ವಹಿಸಿದವರ ಮನೆಯಲ್ಲಿ ಮದುವೆಯಾಗುತ್ತದೆ ಎಂದು ಅವರ ನಂಬಿಕೆ.

ನೇಕಾರತಿ ಓದುಗನ ಹತ್ತಿರ ಬಂದು, ಕದದ ಮಾತು ಬರುವ ದಿನ ತನ್ನದು ಎಂದಳು. ಊರಿಗೆಲ್ಲ ಹೋಳಿಗೆ ಹಾಕುತ್ತೇನೆ, ಹೊತ್ತಿಗೆಗೆ ಹೊದಿಸಲು ವಸ್ತ್ರ ನೇಯುತ್ತೇನೆ ಎಂದಳು. ಪ್ರಾಣ ಉಳಿಸಿದವಳು ಕೇಳಿದಳೆಂದು ಓದುಗ ಹಿಂದುಮುಂದು ನೋಡದೆ ಆಗಲಿ ಎಂದ. ಆಮೇಲೆ, ಕದದ ಯಾವ ಮಾತು ಎಂದು ವಿಚಾರಿಸಿದ. ಅವಳು ಹೇಳಿದಳು.

ಆ ಮಾತು ಕಾವ್ಯದಲ್ಲಿ ಇತ್ತು, ಇರಲಿಲ್ಲ ಎನ್ನುವಂತಿಲ್ಲ. ಆದರೆ ಅದನ್ನು ಕವಿ ಇಟ್ಟದ್ದು ಒಬ್ಬ ಕಳ್ಳನ ಬಾಯಲ್ಲಿ. ಹಡಗಿನ ವರ್ತಕ ದೂರದೇಶಕ್ಕೆ ಹೋಗಿರುತ್ತಾನೆ. ಅವನ ಹೆಂಡತಿ ಒಬ್ಬಳೇ ಇರುತ್ತಾಳೆ. ಕಳ್ಳ ಸಾಧುವಿನ ವೇಷದಲ್ಲಿ ಬಂದು ಅವಳ ಕೈಯಿಂದ ಊಟ ಉಂಡು, ಹೋದವನು ಬರುವ ತನಕ ಕದಕ್ಕೆ ಅಗಳಿ ಹಾಕಬೇಡ ಎಂದು ಉಪದೇಶ ಮಾಡುತ್ತಾನೆ. ಅದೇ ರಾತ್ರಿ ತೆರೆದ ಕದದಿಂದ ಬಂದು ಮನೆ ಗುಡಿಸಿಕೊಂಡು ಹೋಗುತ್ತಾನೆ. ಜನ ಬಿದ್ದು ಬಿದ್ದು ನಗುವ ಸಂಧಿ ಅದು.

ಅವತ್ತೇ ಹೇಳಿಬಿಡಬೇಕಿತ್ತು. ಆ ಸಂಧಿ ಬರಲು ಇನ್ನೂ ಬಹಳ ದಿನವಿದೆ ಎಂದು ಓದುಗ ತನಗೆ ತಾನೇ ಸಮಾಧಾನ ಹೇಳಿಕೊಂಡ. ದಿನಗಳು ಹೊಳೆಯ ನೀರಿನ ಹಾಗೆ ಸದ್ದಿಲ್ಲದೆ ಹೋದವು. ತೊಟ್ಟಿಲು ತೂಗಿದರು, ಮದುವೆಯೂಟ ಉಂಡರು. ಅವನು ಮಧ್ಯಾಹ್ನದ ಮಂಪರಿನಲ್ಲಿ ಓದುತ್ತಿದ್ದ, ಅವರು ಅರೆನಿದ್ದೆಯಲ್ಲಿ ಕೇಳುತ್ತಿದ್ದರು. ಹಾಡಿದ್ದು ಕವಿಯೋ ಕನಸೋ ಗೊತ್ತಾಗುತ್ತಿರಲಿಲ್ಲ. ಆ ದಿನದ ಓದು ಮುಗಿದ ಮೇಲೆ ಅವಳು ಬಂದು ನಾಳೆ ಬರುತ್ತದೆಯೇ ಎಂದು ಕೇಳುತ್ತಿದ್ದಳು. ಅವನು ಇನ್ನೂ ಇಲ್ಲ ಎನ್ನುತ್ತಿದ್ದ. ಅದಕ್ಕಾಗಿ ಓದನ್ನು ನಿಧಾನ ಮಾಡಿದ. ಒಂದು ಹೂದೋಟದ ಪದ್ಯಕ್ಕೆ ದಿನಗಟ್ಟಲೆ ಅರ್ಥ ಹೇಳಿದ. ಎಂಥ ಆಳವಾದ ವಿದ್ವತ್ತು ಎಂದು ಊರಿನ ಹಿರಿಯರು ತಲೆದೂಗಿದರು.

ಆ ಸಂಧಿಯನ್ನು ಬಿಟ್ಟುಬಿಟ್ಟರೆ ಹೇಗೆ ಎಂದು ಅವನು ಯೋಚಿಸಿದ. ಬಿಡದೆ, ಆ ಮಾತೊಂದನ್ನು ಯಾವುದಾದರೂ ಋಷಿಯ ಬಾಯಿಗೆ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಯೋಚಿಸಿದ. ಹೊಳೆಯ ಹತ್ತಿರ ಹೋಗಿ ಹಾಗೆ ಓದಿಯೂ ನೋಡಿದ. ಚೆನ್ನಾಗಿಯೇ ಹೊಂದಿಕೊಂಡಿತು. ಹಾಗೇ ಮಾಡುವುದೆಂದು ಗಟ್ಟಿ ಮಾಡಿಕೊಂಡು ಬಂದು ಗುಡಿಯ ಕಟ್ಟೆಯ ಮೇಲೆ ಅಡ್ಡಾದ. ಕಣ್ಣು ಹತ್ತಿತು. ಕನಸಿನಲ್ಲಿ ಕಾವ್ಯದ ಕಳ್ಳ ಬಂದು ಅವನ ಕಾಲ ಬಳಿ ಕೂತ. ವೇಷ ಇರಲಿಲ್ಲ, ಬರೀ ಮುಖ ಇತ್ತು. ಜ್ವರದಲ್ಲಿ ಎಲ್ಲರೂ ಬಂದಿದ್ದರು, ಅವನೊಬ್ಬ ಬಂದಿರಲಿಲ್ಲ.

"ಅಷ್ಟು ದೊಡ್ಡ ಕಾವ್ಯದಲ್ಲಿ ನನಗೆ ಇರುವುದು ಅದೊಂದೇ ಮಾತು. ಅದನ್ನೂ ಕದಿಯುತ್ತೀಯಾ?" ಎಂದ ಕಳ್ಳ.

ಓದುಗ ಎಚ್ಚೆತ್ತ. ನೇಕಾರತಿಯ ಹತ್ತಿರ ಹೋಗಿ, ನಾಳೆ ಬರುತ್ತದೆ ಎಂದಷ್ಟೇ ಹೇಳಿದ. ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ. ಅವಳ ಮುಖ ನೋಡಿದ್ದರೆ ನಿನಗೂ ಬರುತ್ತಿರಲಿಲ್ಲ ಉಳವಯ್ಯ.

ಮರುದಿನ ಅವಳು ಬೆಳಗಿನಿಂದ ಒಲೆಯ ಮುಂದೆ ಇದ್ದಳು. ಮಧ್ಯಾಹ್ನ ಹೊಸ ಸೀರೆ ಉಟ್ಟು ಬಂದು, ತಾನು ನೇಯ್ದ ವಸ್ತ್ರವನ್ನು ಹೊತ್ತಿಗೆಗೆ ಹೊದಿಸಿ, ಎಲ್ಲರಿಗಿಂತ ಮುಂದೆ ಕೂತಳು. ಆಗಾಗ ತಿರುಗಿ ದಾರಿಯ ಕಡೆ ನೋಡುತ್ತಿದ್ದಳು. ತೊಟ್ಟಿಲ ದಿನಕ್ಕೆ ಕೂಸು ಬರುವುದಾದರೆ ಕದದ ದಿನಕ್ಕೆ ಯಾರು ಬರಬೇಕು? ಅವಳು ಕಾಯುತ್ತಿದ್ದುದು ತಮ್ಮನಿಗಾಗಿ. ಓದುಗ ವಸ್ತ್ರ ಸರಿಸಿ ಹೊತ್ತಿಗೆ ಬಿಚ್ಚಿದ. ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಓದಿದ. ಕಳ್ಳ ವೇಷ ಹಾಕಿದ, ಉಂಡ, ಉಪದೇಶ ಮಾಡಿದ. ಜನ ನಗಲು ಶುರುಮಾಡಿದರು. ಮೊದಲು ಅವಳೂ ಅವರ ಜೊತೆ ನಕ್ಕಳು, ಇದು ಕಳ್ಳನ ಅಣಕ, ಮಹಾಕವಿಯ ಮಾತು ಇನ್ನು ಮುಂದೆ ಬರುತ್ತದೆ ಎಂದುಕೊಂಡು. ಓದುಗ ಮುಂದೆ ಓದಿದ. ಕಳ್ಳ ಮನೆ ಗುಡಿಸಿಕೊಂಡು ಹೋದ, ಸಂಧಿ ಮುಗಿಯಿತು. ಆಗ ಅವಳಿಗೆ ತಿಳಿಯಿತು.

ಅವಳು ಗಲಾಟೆ ಮಾಡಲಿಲ್ಲ. ಎದ್ದು ಸೆರಗು ಸಿಕ್ಕಿಸಿ ಎಲ್ಲರಿಗೂ ತಾನೇ ಬಡಿಸಿದಳು. ಇನ್ನೊಂದು ಹಾಕಲೇ ಎಂದು ಪ್ರತಿಯೊಬ್ಬರನ್ನೂ ಒತ್ತಾಯ ಮಾಡಿದಳು. ಊರವರು ಹೊಟ್ಟೆತುಂಬ ಉಂಡು ಹೋಳಿಗೆಯನ್ನು ಹೊಗಳಿದರು. ಓದುಗ ಉಣ್ಣಲಿಲ್ಲ. ಅವನು ಎದ್ದು ಹೊಳೆಯ ದಂಡೆಯಲ್ಲಿ ಸುಮ್ಮನೆ ಅಡ್ಡಾಡಿ ಸಂಜೆಗೆ ಅವಳ ಮನೆಗೆ ಬಂದ. ಕದ ಹಾಕಿತ್ತು. ಮೆಲ್ಲಗೆ ತಳ್ಳಿದ, ಜಗ್ಗಲಿಲ್ಲ. ಅಗಳಿ ಎಂದೋ ಒಲೆಗೆ ಹೋಗಿತ್ತು. ಅವಳು ಒನಕೆಯನ್ನು ಅಡ್ಡ ಕೊಟ್ಟಿದ್ದಳು.

ಓದುಗ ಜಗಲಿಯ ಮೇಲೆ ಕೂತ. ಊರವರು ಬಂದು ತಮ್ಮ ಮನೆಗೆ ಕರೆದರು. ನೀನು ಇದ್ದದ್ದನ್ನು ಓದಿದೆ, ನಿನ್ನ ತಪ್ಪೇನಿದೆ ಎಂದರು. ಅವನಿಗೂ ತನ್ನ ತಪ್ಪು ಕಾಣಲಿಲ್ಲ. ಆದರೂ ಏಳಲು ಮನಸ್ಸಾಗಲಿಲ್ಲ. ಬೆಳಗಾಯಿತು, ಬೈಗಾಯಿತು, ಮತ್ತೆ ಬೆಳಗಾಯಿತು. ಮಗ್ಗದ ಸದ್ದಿರಲಿಲ್ಲ. ದಾರಿಹೋಕರು ಬಂದು ಕದ ನೋಡಿ ಹೊರಟರೆ ಅವನೇ ಎದ್ದು ಬೇರೆ ಮನೆ ತೋರಿಸಿ ಬಂದು ಕೂರುತ್ತಿದ್ದ. ಹೂದೋಟದ ಪದ್ಯಕ್ಕೆ ಅಷ್ಟು ಅರ್ಥ ಹೇಳಿದವನಿಗೆ ಕದದ ಆ ಕಡೆ ಹೇಳಲು ಒಂದು ಮಾತೂ ಹೊಳೆಯಲಿಲ್ಲ. ಒಂದು ದಿನ ಒಳಗಿನಿಂದ ಅಳು ಕೇಳಿತು. ತಮ್ಮ ಹೋದ ದಿನ ಅಳಬೇಕಾಗಿದ್ದ ಅಳು ಅದು, ಇಷ್ಟು ವರ್ಷ ಬಾಗಿಲಿಗೆ ಕಣ್ಣಿಟ್ಟು ಕೂತವಳಿಗೆ ಅಳಲು ಪುರಸೊತ್ತೇ ಆಗಿರಲಿಲ್ಲ. ಓದುಗ ಕೇಳುತ್ತ ಕೂತ. ಅವನ ಕಣ್ಣಲ್ಲೂ ನೀರು ಬಂತು.

ಅಳು ನಿಂತು ಬಹಳ ಹೊತ್ತಾದ ಮೇಲೆ ಅವನು ಕದ ತಟ್ಟಿದ. ಆ ಕದವನ್ನು ಯಾರೂ ತಟ್ಟಿ ಎಷ್ಟೋ ವರ್ಷವಾಗಿತ್ತು.

"ಯಾರದು?" ಎಂದು ಒಳಗಿನಿಂದ ಕೇಳಿದಳು.

"ನಾನವ್ವಾ. ನಿನ್ನ ತಮ್ಮ ಅಲ್ಲ. ಪುರಾಣ ಓದಾಂವ."

ಆಮೇಲೆ ಒನಕೆ ಸರಿಸಿದ್ದು ಕೇಳಿತು. ಕದ ತೆರೆಯಿತು. ಅವಳ ಕೈಯಲ್ಲಿ ದೀಪ ಇರಲಿಲ್ಲ. ಅವಳು ಅವನ ಮುಖ ನೋಡಿದಳು, ಮೊದಲ ಸಲ ನೋಡುತ್ತಿರುವವಳ ಹಾಗೆ. ಕಣ್ಣು ಗುಳಿಬಿದ್ದಿದ್ದವು, ಗಡ್ಡ ಬೆಳೆದಿತ್ತು, ತುಟಿ ಒಡೆದಿದ್ದವು.

"ಇಷ್ಟು ದಿನ ಈ ಮನ್ಯಾಗ ಉಂಡಿ, ಮಲಗಿದಿ. ನಿನ್ನ ಹೆಸರ ಕೇಳಿಲ್ಲ ನೋಡು ನಾ" ಎಂದಳು. "ಏನಪಾ ನಿನ್ನ ಹೆಸರು?"

ಅವನು ಹೇಳಿದ. ಅವಳು ಆ ಹೆಸರು ಹಿಡಿದು ಒಳಗೆ ಕರೆದು, ಒಲೆ ಹಚ್ಚಿ, ಅವನಿಗೆ ಬಡಿಸಿ ತಾನೂ ಉಂಡಳು. ಆಮೇಲೆಯೂ ಆ ಮನೆಗೆ ಜನ ಬರುತ್ತಲೇ ಇದ್ದರು. ಬಂದವರು ಕದ ತಟ್ಟುತ್ತಿದ್ದರು, ಅವಳು ಯಾರು ಎಂದು ಕೇಳಿ ತೆರೆಯುತ್ತಿದ್ದಳು. ತಮ್ಮ ಬಂದನೇ ಎಂದು ಕೇಳಬೇಡ, ನನಗೆ ಗೊತ್ತಿಲ್ಲ.

ಗುರುಗಳು ಕತೆ ಮುಗಿಸಿದರು. ಉಳವಯ್ಯನ ಸಿಟ್ಟು ಇಳಿದಿತ್ತು, ಮುಖ ಅರಳಿತ್ತು. ನಿಜ ಹೇಳಿದ್ದರಿಂದ ಅವಳಿಗೆ ಒಳ್ಳೆಯದೇ ಆಯಿತಲ್ಲ, ನನಗೆ ಉತ್ತರ ಸಿಕ್ಕಿತು ಎಂದ. ಬೆಳಗಿನ ಬಸ್ಸಿಗೇ ಪೇಟೆಗೆ ಹೋಗಿ ನೀಲಗಂಗವ್ವನಿಗೆ ಆ ಸಾಲು ಹೊಗಳುಭಟ್ಟನದು ಎಂದು ಹೇಳಿ, ಮಧ್ಯಾಹ್ನದ ಬಸ್ಸಿಗೆ ತಿರುಗಿ ಬಂದುಬಿಡುತ್ತೇನೆ ಎಂದು ಎದ್ದು ನಿಂತ.

"ಹೋಗು ತಮ್ಮಾ, ಆದರೆ ಹೇಳಿದ ಮೇಲೆ ಆಕೆಯ ಜಗಲಿಯ ಮೇಲೆ ಕೂರುವುದಕ್ಕೆ ಯಾರನ್ನು ಕಳಿಸುತ್ತೀ?" ಎಂದರು ಗುರುಗಳು.

ಎದ್ದು ನಿಂತಿದ್ದ ಉಳವಯ್ಯ ಮತ್ತೆ ಕೂತ.